ಕಿರುಗುಟ್ಟುವ ಫ್ಯಾನ್ ಬೆಲ್ಟ್: ಫೋರ್ ಬೈ ಫೋರ್ ಗಾಡಿಯಲ್ಲಿ ಬೆಲ್ಟ್, ಟೆನ್ಷನರ್ ಬದಲಾಯಿಸುವ ಕ್ರಮ

ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಕೀಂಯ್ ಎಂಬ ಸದ್ದು ಬಂದು ಎರಡು ನಿಮಿಷದಲ್ಲಿ ತಾನಾಗಿ ನಿಂತುಹೋದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಮಳೆಗಾಲ ಬಂದು ಸದ್ದು ಜೋರಾದಾಗ ಹೊಸ ಬೆಲ್ಟ್ ಹಾಕಿಸುತ್ತಾರೆ. ಕೆಲವು ವಾರ ಕಳೆದರೆ ಮತ್ತೆ ಅದೇ ಸದ್ದು. ಆಗ ಬೆಲ್ಟ್ ಡೂಪ್ಲಿಕೇಟ್ ಇರಬೇಕು ಎಂಬ ಅನುಮಾನ. ಬಹಳಷ್ಟು ಸಲ ದೋಷ ಬೆಲ್ಟಿನದ್ದಲ್ಲ, ಅದನ್ನು ಬಿಗಿಯಾಗಿ ಹಿಡಿದಿರಬೇಕಾದ ಟೆನ್ಷನರಿನದ್ದು. ಸೋತ ಟೆನ್ಷನರ್ ಮೇಲೆ ಹೊಸ ಬೆಲ್ಟ್ ಹಾಕುವುದು ಅರ್ಧ ಕೆಲಸ, ಪೂರ್ತಿ ಖರ್ಚು.

ಇಲ್ಲಿ ಹೇಳುವ ಕ್ರಮ ಥಾರ್, ಸ್ಕಾರ್ಪಿಯೊ ತರಹದ, ಇಂಜಿನ್ ಉದ್ದಕ್ಕೆ ಕೂತಿರುವ ನಾಲ್ಕು ಸಿಲಿಂಡರಿನ ಡೀಸೆಲ್ ಗಾಡಿಗಳಿಗೆ ಹೊಂದುತ್ತದೆ. ಹಲವು ರಿಬ್ (ಉದ್ದುದ್ದದ ಏಣು) ಇರುವ ಅಗಲದ ಒಂದೇ ಬೆಲ್ಟು, ಅದನ್ನು ಎಳೆದು ಹಿಡಿಯುವ ಸ್ಪ್ರಿಂಗ್ ಟೆನ್ಷನರು, ಇದು ಅವುಗಳ ಸಾಮಾನ್ಯ ಏರ್ಪಾಡು. ಮಾಡೆಲ್ ಮತ್ತು ವರ್ಷ ಬದಲಾದಂತೆ ಬೆಲ್ಟಿನ ದಾರಿ, ಬೋಲ್ಟ್ ಸೈಜು ಬದಲಾಗುತ್ತವೆ. ಹಳೆಯ ಜೀಪು, ಜಿಪ್ಸಿಗಳ ವಿ ಬೆಲ್ಟ್ ಬಗ್ಗೆ ಕೊನೆಯಲ್ಲಿ ಬೇರೆಯಾಗಿ ಹೇಳಿದ್ದೇವೆ.

ಸದ್ದನ್ನು ಯಾಕೆ ಕಡೆಗಣಿಸಬಾರದು ಎಂಬುದು ಮೊದಲು ಗೊತ್ತಿರಲಿ. ಹೆಸರು ಫ್ಯಾನ್ ಬೆಲ್ಟ್ ಆದರೂ ಅದು ತಿರುಗಿಸುವುದು ಫ್ಯಾನ್ ಒಂದನ್ನೇ ಅಲ್ಲ. ಹೆಚ್ಚಿನ ಗಾಡಿಗಳಲ್ಲಿ ವಾಟರ್ ಪಂಪ್, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಪವರ್ ಸ್ಟೀರಿಂಗ್ ಪಂಪ್, ಏಸಿ ಕಂಪ್ರೆಸರ್ ಎಲ್ಲವೂ ಇದಕ್ಕೇ ಜೋತುಬಿದ್ದಿರುತ್ತವೆ. ಬೆಲ್ಟ್ ಹರಿದರೆ ಬ್ಯಾಟರಿ ದೀಪ ಹೊತ್ತಿಕೊಳ್ಳುತ್ತದೆ, ಸ್ಟೀರಿಂಗ್ ಕಲ್ಲಿನಂತಾಗುತ್ತದೆ, ಕೂಲೆಂಟ್ ತಿರುಗದೆ ಇಂಜಿನ್ ನಿಮಿಷಗಳಲ್ಲಿ ಕಾಯುತ್ತದೆ. ಇನ್ನೊಂದು ಅಪಾಯ ಹಲವರಿಗೆ ಗೊತ್ತಿಲ್ಲ: ನಮ್ಮಲ್ಲಿ ಓಡುವ ಅನೇಕ ಡೀಸೆಲ್ ಗಾಡಿಗಳಲ್ಲಿ ಬ್ರೇಕ್ ಪೆಡಲನ್ನು ಹಗುರ ಮಾಡುವ ಬೂಸ್ಟರಿನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಕೂತಿರುತ್ತದೆ. ಅಂಥ ಗಾಡಿಯಲ್ಲಿ ಬೆಲ್ಟ್ ಹೋದರೆ ಎರಡು ಮೂರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಪೆಡಲ್ ಗಡುಸಾಗುತ್ತದೆ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವಾಗ ಹೀಗಾದರೆ ಏನಾಗಬಹುದೆಂದು ಯೋಚಿಸಿ.

ಸದ್ದು ಎಲ್ಲಿಂದ, ಯಾವಾಗ

ಬೆಲ್ಟ್ ಎರಡು ಬಗೆಯಲ್ಲಿ ಕೂಗುತ್ತದೆ. ಒಂದು, ಚಿಕ್ ಚಿಕ್ ಚಿಕ್ ಎಂದು ತುಂಡು ತುಂಡಾಗಿ, ಹಕ್ಕಿಯ ಉಲಿಯಂತೆ ಒಂದೇ ಲಯದಲ್ಲಿ ಬರುವುದು. ಐಡ್ಲಿಂಗಿನಲ್ಲಿ ಚೆನ್ನಾಗಿ ಕೇಳುತ್ತದೆ, ರೇಸ್ ಕೊಟ್ಟರೆ ಲಯವೂ ಚುರುಕಾಗುತ್ತದೆ. ಪುಲ್ಲಿಗಳು (ಬೆಲ್ಟ್ ಸುತ್ತುವ ಗಾಲಿಗಳು) ಒಂದೇ ಸಾಲಿನಲ್ಲಿಲ್ಲ ಎಂಬುದರ ಗುರುತು ಇದು. ಇನ್ನೊಂದು, ಕೀಂಂಂಯ್ ಎಂದು ಎಳೆದು ಕೂಗುವುದು. ಸ್ಟಾರ್ಟ್ ಮಾಡಿದಾಗ, ಏಸಿ ಹಾಕಿದಾಗ, ಸ್ಟೀರಿಂಗ್ ಕೊನೆತನಕ ತಿರುಗಿಸಿದಾಗ ಬರುತ್ತದೆ. ಹೊರೆ ಬಿದ್ದಾಗ ಬೆಲ್ಟ್ ಪುಲ್ಲಿಯ ಮೇಲೆ ಜಾರುತ್ತಿದೆ, ಅಂದರೆ ಬಿಗಿ ಸಾಲದು.

ಸ್ಟಾರ್ಟ್ ಆದ ಮೊದಲ ಒಂದೆರಡು ನಿಮಿಷ ಮಾತ್ರ ಕೂಗುವುದಕ್ಕೂ ಕಾರಣವಿದೆ. ಸೆಲ್ಫ್ ಹೊಡೆದಾಗ ಬ್ಯಾಟರಿಯಿಂದ ಹೋದ ಕರೆಂಟನ್ನು ಆಲ್ಟರ್ನೇಟರ್ ಆಗ ತುಂಬಿಕೊಡುತ್ತಿರುತ್ತದೆ, ಹಾಗಾಗಿ ಅದರ ಪುಲ್ಲಿಯ ಮೇಲೆ ಹೊರೆ ಹೆಚ್ಚು. ಬೆಲ್ಟೂ ತಣ್ಣಗಿದ್ದು ಗಡುಸಾಗಿರುತ್ತದೆ. ಬ್ಯಾಟರಿ ದುರ್ಬಲವಾಗಿದ್ದರೆ ಕೂಗು ಇನ್ನಷ್ಟು ಹೊತ್ತು ಮುಂದುವರಿಯುತ್ತದೆ. ಆದ್ದರಿಂದ ಬ್ಯಾಟರಿಯ ಸ್ಥಿತಿಯನ್ನೂ ಒಮ್ಮೆ ನೋಡಿಸಿ.

ಕಿವಿಗಿಂತ ನಂಬಿಕೆಯ ಪರೀಕ್ಷೆ ನೀರಿನದು. ಬಟ್ಟೆ ಇಸ್ತ್ರಿಗೆ ಬಳಸುವಂಥ ಸ್ಪ್ರೇ ಬಾಟಲಿಯಲ್ಲಿ ಬರೀ ನೀರು ತುಂಬಿ. ಇಂಜಿನ್ ಐಡ್ಲಿಂಗಿನಲ್ಲಿ ಕೂಗುತ್ತಿರುವಾಗ ಬೆಲ್ಟಿನ ರಿಬ್ ಇರುವ ಒಳಮೈಗೆ, ಕೈ ದೂರವಿಟ್ಟು, ಒಂದೆರಡು ಸಲ ಸಿಂಪಡಿಸಿ. ಶಾಲು, ದುಪ್ಪಟ್ಟಾ, ಸಡಿಲ ತೋಳಿನ ಅಂಗಿ ಬೇಡ. ಸದ್ದು ಕೂಡಲೇ ನಿಂತು, ನೀರು ಆರಿದ ಮೇಲೆ ಮತ್ತೆ ಬಂದರೆ ಪುಲ್ಲಿಗಳ ಸಾಲು ತಪ್ಪಿದೆ. ನೀರು ಬಿದ್ದ ಕೂಡಲೇ ಸದ್ದು ಇನ್ನೂ ಜೋರಾದರೆ ಬಿಗಿ ಸಾಲದು: ಟೆನ್ಷನರ್ ಸೋತಿದೆ, ಇಲ್ಲವೇ ಬೆಲ್ಟ್ ಸವೆದಿದೆ. ಏನೂ ಬದಲಾಗದಿದ್ದರೆ ಯಾವುದಾದರೂ ಬೇರಿಂಗನ್ನು ಅನುಮಾನಿಸಿ. ಮಳೆಯಲ್ಲಿ ಮಾತ್ರ ಕೂಗುವ ಗಾಡಿ ಈ ಪರೀಕ್ಷೆಯನ್ನು ತಾನೇ ಮಾಡಿ ತೋರಿಸುತ್ತಿದೆ, ಅದರಲ್ಲಿ ಬಿಗಿಯೇ ಕಡಿಮೆ.

ಬೆಲ್ಟಿಗೆ ಸೋಪು, ಗ್ರೀಸು, ಡಬ್ಲ್ಯುಡಿ-40, ಅಂಟು ಸ್ಪ್ರೇ ಯಾವುದನ್ನೂ ಹಾಕಬೇಡಿ. ಸದ್ದು ಆ ಹೊತ್ತಿಗೆ ಅಡಗುತ್ತದೆ ನಿಜ, ಆದರೆ ಎಣ್ಣೆ ಅಂಶ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಅಂಟು ಸ್ಪ್ರೇ ಹಾಕಿದರೆ ಮಲೆನಾಡಿನ ಕೆಮ್ಮಣ್ಣಿನ ಧೂಳು ಹಿಡಿದುಕೊಂಡು ಪುಲ್ಲಿಯ ಗ್ರೂವನ್ನು ಉಪ್ಪುಕಾಗದದ ಹಾಗೆ ತಿನ್ನುತ್ತದೆ.

ಬೆಲ್ಟ್ ನೋಡುವ ಬಗೆ

ಹಳೆಯ ನಿಯೋಪ್ರೀನ್ ಬೆಲ್ಟುಗಳು ಮುಪ್ಪಾದಾಗ ಅಡ್ಡಡ್ಡ ಬಿರಿಯುತ್ತಿದ್ದವು. ಒಂದೇ ರಿಬ್ಬಿನಲ್ಲಿ 75 ಮಿಮೀ ಉದ್ದಕ್ಕೆ ಮೂರು ಅಥವಾ ಹೆಚ್ಚು ಬಿರುಕು ಕಂಡರೆ ಬದಲಿಸಿ ಎಂಬುದು ಆ ಕಾಲದ ಲೆಕ್ಕ. ಈಗ ಬರುವ ಇಪಿಡಿಎಂ ರಬ್ಬರಿನ ಬೆಲ್ಟು ಹಾಗೆ ಬಿರಿಯುವುದು ಅಪರೂಪ, ಟೈರಿನಂತೆ ಸವೆಯುತ್ತದೆ. ‘ಬಿರುಕೇ ಇಲ್ಲ, ಬೆಲ್ಟ್ ಚೆನ್ನಾಗಿದೆ’ ಎಂಬ ಮಾತಿಗೆ ಈಗ ಅರ್ಥವಿಲ್ಲ.

ಟಾರ್ಚ್ ಹಿಡಿದು ಎರಡು ರಿಬ್ಬುಗಳ ನಡುವಿನ ಕಣಿವೆ ನೋಡಿ. ಹೊಸ ಬೆಲ್ಟಿನಲ್ಲಿ ಅದು ಇಂಗ್ಲಿಷಿನ ವಿ ಆಕಾರದಲ್ಲಿ ಚೂಪಾಗಿರುತ್ತದೆ. ಸವೆದದ್ದರಲ್ಲಿ ಅಗಲವಾಗಿ ಯು ಆಗಿರುತ್ತದೆ. ಹೀಗಾದಾಗ ಬೆಲ್ಟು ಪುಲ್ಲಿಯ ಗ್ರೂವಿನಲ್ಲಿ ಇನ್ನಷ್ಟು ಕೆಳಗೆ ಕೂರುತ್ತದೆ, ಪುಲ್ಲಿಯ ತುದಿ ಕಣಿವೆಯ ತಳಕ್ಕೆ ತಾಗುತ್ತದೆ. ಬೆಲ್ಟ್ ಹಿಡಿಯುವುದು ರಿಬ್ಬಿನ ಪಕ್ಕದ ಇಳಿಜಾರುಗಳಿಂದ, ತಳದಿಂದಲ್ಲ. ತಳ ತಾಗಿದ ಮೇಲೆ ಹಿಡಿತ ಹೋಯಿತು. ರಿಬ್ಬಿನ ರಬ್ಬರ್ ಶೇ 5ರಿಂದ 10ರಷ್ಟು ಸವೆದರೂ ಜಾರಲು ಅಷ್ಟೇ ಸಾಕು, ಅದು ಬರೀ ಕಣ್ಣಿಗೆ ಸುಲಭದಲ್ಲಿ ಕಾಣುವುದೂ ಇಲ್ಲ. ರಿಬ್ಬಿನ ಪಕ್ಕ ಗಾಜಿನಂತೆ ಹೊಳೆಯುವುದು, ಒಂದು ಅಂಚಿನಿಂದ ನೂಲು ಎದ್ದಿರುವುದು, ರಿಬ್ಬಿನ ತುಂಡು ಹಾರಿಹೋಗಿರುವುದು, ಎಣ್ಣೆ ಅಥವಾ ಕೂಲೆಂಟ್ ತಾಗಿ ಊದಿರುವುದು ಕಂಡರೆ ಯೋಚನೆ ಮಾಡುವುದೇ ಬೇಡ, ಬದಲಿಸಿ. ಎಣ್ಣೆ ತಾಗಿದ್ದರೆ ಸೋರುವ ಜಾಗವನ್ನು ಮೊದಲು ಸರಿಪಡಿಸಿ, ಇಲ್ಲದಿದ್ದರೆ ಹೊಸದಕ್ಕೂ ಅದೇ ಗತಿ.

ಟೆನ್ಷನರ್ ಸೋತಿದೆಯೇ?

ಈ ಭಾಗಕ್ಕೆ ಸಮಯ ಕೊಡಿ. ಟೆನ್ಷನರ್ ಒಳಗೆ ಸುರುಳಿ ಸ್ಪ್ರಿಂಗ್ ಇದೆ, ಅದು ತೋಳನ್ನು ಬೆಲ್ಟಿನ ಕಡೆ ಒತ್ತುತ್ತದೆ. ಜೊತೆಗೆ ಘರ್ಷಣೆಯಿಂದ ಅದುರುವಿಕೆ ತಡೆಯುವ ಡ್ಯಾಂಪರ್ ಬುಶ್ ಇದೆ. ಡೀಸೆಲ್ ಇಂಜಿನ್ನಿನ ಕ್ರ್ಯಾಂಕ್ (ಮುಖ್ಯ ಶಾಫ್ಟ್) ಒಂದೇ ಸಮ ತಿರುಗುವುದಿಲ್ಲ, ಪ್ರತಿ ಸಿಲಿಂಡರ್ ಹೊಡೆದಾಗಲೂ ಒಂದು ಜಗ್ಗು. ನಾಲ್ಕು ಸಿಲಿಂಡರಿನ ಇಂಜಿನ್ 800 ಆರ್‌ಪಿಎಂ ಐಡ್ಲಿಂಗಿನಲ್ಲಿ ನಿಮಿಷಕ್ಕೆ 1600 ಸಲ ಹೀಗೆ ಜಗ್ಗುತ್ತದೆ. ಅಷ್ಟನ್ನೂ ನುಂಗಿಕೊಳ್ಳುವುದು ಈ ಬುಶ್. ಅದು ಸವೆದರೆ ತೋಳು ಕುಣಿಯತೊಡಗುತ್ತದೆ. ಬೆಲ್ಟ್ ಒಂದು ಕ್ಷಣ ಬಿಗಿ, ಮರುಕ್ಷಣ ಸಡಿಲ.

ಇಂಜಿನ್ ಓಡುತ್ತಿರುವಾಗ, ಏಸಿ ಮತ್ತು ಹೆಡ್‌ಲೈಟ್ ಹಾಕಿ, ದೂರದಿಂದ ಟಾರ್ಚ್ ಬಿಟ್ಟು ತೋಳನ್ನು ನೋಡಿ. ತುಸು ನಡುಗುವುದು ಸಹಜ. ಐದಾರು ಮಿಮೀ ಹಿಂದೆ ಮುಂದೆ ಕುಣಿಯುತ್ತಿದ್ದರೆ ಅದರ ಕಾಲ ಮುಗಿದಿದೆ. ಇಂಜಿನ್ ಆರಿಸಿದ ಮೇಲೆ ಬೆಲ್ಟ್ ಟೆನ್ಷನರ್ ಪುಲ್ಲಿಯ ನಡುವೆ ಓಡುತ್ತಿತ್ತೋ ಒಂದು ಅಂಚಿಗೆ ಸರಿದಿತ್ತೋ ಗಮನಿಸಿ. ಚಪ್ಪಟೆ ಪುಲ್ಲಿಯ ಮೇಲೆ ಬೆಲ್ಟ್ ಓಡಿದ ಜಾಗ ಉಜ್ಜಿ ಹೊಳೆಯುತ್ತಿರುತ್ತದೆ, ಉಳಿದ ಕಡೆ ಮಂಕು ಧೂಳು. ಹೊಳೆಯುವ ಪಟ್ಟಿ ಒಂದು ಬದಿಗೆ ವಾಲಿದ್ದರೆ ತೋಳಿನ ಬುಡದ ಬುಶ್ ಸವೆದು ತೋಳು ಓರೆಯಾಗಿದೆ ಎಂದರ್ಥ. ಬುಡದ ಸುತ್ತ, ತೋಳು ಮತ್ತು ಮೈ ಸೇರುವ ಸಂದಿನಲ್ಲಿ, ಕೆಂಪು ತುಕ್ಕಿನ ಪುಡಿ ಇಳಿದ ಗೆರೆ ಕಂಡರೂ ಅದೇ ತೀರ್ಪು: ಒಳಗೆ ಲೋಹಕ್ಕೆ ಲೋಹ ಉಜ್ಜುತ್ತಿದೆ. ಕೆಮ್ಮಣ್ಣಿನ ಊರಿನಲ್ಲಿ ಈ ಗೆರೆಯನ್ನು ಕೆಸರೆಂದು ಬಿಟ್ಟುಬಿಡುವುದುಂಟು. ಬಟ್ಟೆಯಿಂದ ಒರೆಸಿ ಒಂದು ವಾರ ಓಡಿಸಿ, ಒಣ ರಸ್ತೆಯಲ್ಲೂ ಮತ್ತೆ ಮೂಡಿದರೆ ಅದು ತುಕ್ಕೇ.

ಕೆಲವು ಟೆನ್ಷನರುಗಳ ಮೈಮೇಲೆ ಎರಡು ಗೆರೆ, ತೋಳಿನ ಮೇಲೆ ಒಂದು ಮುಳ್ಳಿನ ಗುರುತು ಇರುತ್ತದೆ. ಮುಳ್ಳು ಎರಡು ಗೆರೆಗಳ ನಡುವೆ ಇರಬೇಕು. ಹೊಸ ಬೆಲ್ಟ್ ಹಾಕಿಯೂ ಹೊರಗಿದ್ದರೆ ಬೆಲ್ಟಿನ ಉದ್ದ ತಪ್ಪಾಗಿದೆ, ಇಲ್ಲವೇ ಬೆಲ್ಟ್ ದಾರಿ ತಪ್ಪಿದೆ.

80,000 ಕಿಮೀ ದಾಟಿದ ಗಾಡಿಯಲ್ಲಿ ಬೆಲ್ಟ್ ಬದಲಿಸುವುದಾದರೆ ಟೆನ್ಷನರ್ ಮತ್ತು ಐಡ್ಲರ್ ಪುಲ್ಲಿಗಳನ್ನೂ (ಬೆಲ್ಟಿಗೆ ದಾರಿ ತೋರಲಷ್ಟೇ ಇರುವ ಬಿಡಿ ಪುಲ್ಲಿಗಳು) ಜೊತೆಗೇ ಬದಲಿಸುವುದು ನಮ್ಮ ಖಚಿತ ಸಲಹೆ. ಎಲ್ಲವೂ ಅಷ್ಟೇ ಕಿಲೋಮೀಟರ್ ಓಡಿವೆ, ಎಲ್ಲದಕ್ಕೂ ಬಿಚ್ಚುವ ಕೆಲಸ ಒಂದೇ. ತೋಟ, ಹೊಳೆ, ಕೆಸರಿನಲ್ಲಿ ದಿನಾ ಓಡುವ ಗಾಡಿಯಾದರೆ 50,000ಕ್ಕೇ ಒಮ್ಮೆ ಬೆಲ್ಟ್ ಇಳಿಸಿ ಎಲ್ಲವನ್ನೂ ಕೈಯಲ್ಲಿ ತಿರುಗಿಸಿ ನೋಡಿ.

ಸಾಮಾನು ತರುವಾಗ

ಬೆಲ್ಟಿನ ಬೆನ್ನ ಮೇಲೆ ‘6ಪಿಕೆ1880’ ಎಂಬಂಥ ಗುರುತು ಇರುತ್ತದೆ. ಇದು ಉದಾಹರಣೆ ಮಾತ್ರ, ನಿಮ್ಮ ಗಾಡಿಯದ್ದು ಬೇರೆ ಇರಬಹುದು. ಮೊದಲಿನ 6 ಎಂದರೆ ಆರು ರಿಬ್, ಪಿಕೆ ಎಂದರೆ ರಿಬ್ಬಿನಿಂದ ರಿಬ್ಬಿಗೆ 3.56 ಮಿಮೀ ಅಂತರವಿರುವ ಜಾತಿ, 1880 ಎಂದರೆ ಮಿಮೀ ಲೆಕ್ಕದಲ್ಲಿ ಉದ್ದ. ಹತ್ತಿರದ ಉದ್ದ ಸಾಕು ಎಂದು ಅಂಗಡಿಯವರು ಕೊಟ್ಟರೆ ಒಪ್ಪಬೇಡಿ. ಏಸಿ ಇರುವ ಮತ್ತು ಇಲ್ಲದ ಮಾಡೆಲ್‌ಗೆ ಬೆಲ್ಟ್ ಬೇರೆ ಬೇರೆ, ಆದ್ದರಿಂದ ಚಾಸಿ ನಂಬರ್ ಹೇಳಿ ಪಾರ್ಟ್ ನಂಬರ್ ತೆಗೆಸಿ. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ ನಿಮ್ಮ ತಾಲ್ಲೂಕಿನ ಅಂಗಡಿಯಾಗಲಿ, ಕಂಪನಿಯ ಪಾರ್ಟನ್ನೋ ಗೇಟ್ಸ್, ಕಾಂಟಿಟೆಕ್, ಫೆನ್ನರ್, ಬ್ಯಾಂಡೊದಂಥ ಹೆಸರಿನ ಬೆಲ್ಟನ್ನೋ ಬಿಲ್ ಸಮೇತ ಕೊಳ್ಳಿ. ಮೈಮೇಲಿನ ಅಕ್ಷರ ಮಸುಕಾಗಿದ್ದರೆ, ಉಗುರು ತಾಗಿಸಿದರೆ ಅಳಿಸಿದರೆ ಅದು ಬೇಡ.

ಟೆನ್ಷನರನ್ನು ಪೂರ್ತಿ ಸೆಟ್ಟಾಗಿಯೇ ತನ್ನಿ. ಬರೀ ಪುಲ್ಲಿಯ ಬೇರಿಂಗ್ ಹೊಡೆದು ಹಾಕಿಕೊಡುವವರಿದ್ದಾರೆ, ಕೊರಕೊರ ಸದ್ದಿಗೆ ಅದು ಸಾಕು. ಸ್ಪ್ರಿಂಗೂ ಬುಶ್ಶೂ ಹಳೆಯವೇ ಉಳಿಯುವುದರಿಂದ ಕೂಗಿಗೆ ಅದು ಪರಿಹಾರವಲ್ಲ.

ಟೂಲು ಇಷ್ಟು ಬೇಕು: 8ರಿಂದ 19ರವರೆಗಿನ ರಿಂಗ್ ಸ್ಪ್ಯಾನರು ಮತ್ತು ಸಾಕೆಟ್ಟು, ಉದ್ದ ಹಿಡಿಯ ಅರ್ಧ ಇಂಚಿನ ಬ್ರೇಕರ್ ಬಾರ್, ಟಾರ್ಕ್ ವ್ರೆಂಚ್, ಒಂದಡಿ ಉದ್ದದ ನೇರ ಸ್ಟೀಲ್ ಸ್ಕೇಲ್, ನೈಲಾನ್ ಬ್ರಷ್, ಬ್ರೇಕ್ ಕ್ಲೀನರ್, ರೇಡಿಯೇಟರ್ ಅಗಲದ ದಪ್ಪ ರಟ್ಟು. ಟೆನ್ಷನರ್ ತೋಳನ್ನು ತಿರುಗಿಸಲು ಕೆಲವದರಲ್ಲಿ ಷಟ್ಕೋನದ ತಲೆ ಇರುತ್ತದೆ, ಕೆಲವದರಲ್ಲಿ ಬಾರ್ ನೇರವಾಗಿ ಕೂರುವ ಚೌಕ ತೂತು. ಮೊದಲೇ ನೋಡಿಕೊಂಡರೆ ನಡುವೆ ಟೂಲಿಗಾಗಿ ಓಡುವುದು ತಪ್ಪುತ್ತದೆ.

ಬಿಚ್ಚುವುದು

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಟ್ರಾನ್ಸ್‌ಫರ್ ಕೇಸ್ (ಫೋರ್ ಬೈ ಫೋರ್ ಹಾಕುವ ಎರಡನೇ ಗೇರ್ ಪೆಟ್ಟಿಗೆ) ನ್ಯೂಟ್ರಲಿನಲ್ಲಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಅದು ನ್ಯೂಟ್ರಲಿನಲ್ಲಿದ್ದರೆ ಗೇರಿಗೆ ಹಾಕಿದ್ದರೂ ಗಾಡಿ ಉರುಳುತ್ತದೆ. ಮುಂದೆ ಇಂಜಿನ್ನನ್ನು ಕೈಯಲ್ಲಿ ತಿರುಗಿಸಬೇಕಿರುವುದರಿಂದ ಗೇರು ನ್ಯೂಟ್ರಲಿನಲ್ಲಿರಲಿ, ಚಕ್ರಕ್ಕೆ ಎರಡೂ ಕಡೆ ಕಲ್ಲೋ ಮರದ ತುಂಡೋ ಕೊಡಿ. ಇಂಜಿನ್ ಆರಿಸಿ ಕನಿಷ್ಠ ಒಂದು ಗಂಟೆ ಬಿಡಿ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ, ಏಕೆಂದರೆ ಎಲೆಕ್ಟ್ರಿಕ್ ಫ್ಯಾನ್ ಇರುವ ಗಾಡಿಯಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಿರುಗಬಹುದು.

ಬೆಲ್ಟಿಗೆ ಕೈ ಹಾಕುವ ಮೊದಲು ಫೋನಿನಲ್ಲಿ ಎದುರಿನಿಂದ, ಮೇಲಿನಿಂದ, ಎರಡೂ ಪಕ್ಕದಿಂದ ಫೋಟೋ ತೆಗೆಯಿರಿ. ಬಾನೆಟ್ ಒಳಗೆ ದಾರಿಯ ಚಿತ್ರದ ಸ್ಟಿಕ್ಕರ್ ಇದ್ದರೂ ತೆಗೆಯಿರಿ. ಯಾವ ಪುಲ್ಲಿಯ ಮೇಲೆ ಬೆಲ್ಟಿನ ರಿಬ್ ಮೈ, ಯಾವುದರ ಮೇಲೆ ಬೆನ್ನು ಎಂಬುದು ಫೋಟೋದಲ್ಲಿ ಸ್ಪಷ್ಟವಾಗಿ ಕಾಣಬೇಕು.

ರೇಡಿಯೇಟರ್ ಮತ್ತು ಫ್ಯಾನ್ ನಡುವೆ ರಟ್ಟು ಇಳಿಸಿ. ಸ್ಪ್ಯಾನರ್ ಜಾರಿ ರೇಡಿಯೇಟರಿನ ತೆಳು ರೆಕ್ಕೆಗಳಿಗೆ ಬಡಿದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ. ಜಾಗ ಸಾಲದಿದ್ದರೆ ಫ್ಯಾನಿನ ಸುತ್ತಲ ಪ್ಲಾಸ್ಟಿಕ್ ಶ್ರೌಡ್ ಬಿಚ್ಚಿ ಹಿಂದಕ್ಕೆ ಸರಿಸಿ. ವಿಸ್ಕಸ್ ಫ್ಯಾನನ್ನೂ (ಎಣ್ಣೆ ತುಂಬಿದ ಕ್ಲಚ್ ಇರುವ, ಬೆಲ್ಟಿನಿಂದ ತಿರುಗುವ ಫ್ಯಾನ್) ತೆಗೆಯಬೇಕಾಗಿ ಬಂದರೆ ಬೆಲ್ಟ್ ಬಿಗಿಯಾಗಿ ಇರುವಾಗಲೇ ಅದರ ನಟ್ಟುಗಳನ್ನು ಸಡಿಲಿಸಿ, ಬೆಲ್ಟೇ ಪುಲ್ಲಿಯನ್ನು ತಿರುಗದಂತೆ ಹಿಡಿದುಕೊಡುತ್ತದೆ. ಕೆಲವು ಇಂಜಿನ್ನುಗಳಲ್ಲಿ ಸಣ್ಣ ನಾಲ್ಕು ನಟ್ ಇದ್ದರೆ ಕೆಲವದರಲ್ಲಿ ನಡುವೆ ಒಂದೇ ದೊಡ್ಡ ನಟ್ ಇರುತ್ತದೆ. ದೊಡ್ಡ ನಟ್ಟಿನದ್ದು ಎಡಮರೆ (ಉಲ್ಟಾ ಥ್ರೆಡ್) ಇರಬಹುದು, ಗಾಡಿಯ ವರ್ಕ್‌ಶಾಪ್ ಪುಸ್ತಕದಲ್ಲಿ ನೋಡದೆ ಬಲ ಹಾಕಬೇಡಿ. ತೆಗೆದ ವಿಸ್ಕಸ್ ಫ್ಯಾನನ್ನು ನೆಲದ ಮೇಲೆ ಮಲಗಿಸಬಾರದು, ಒಳಗಿನ ಸಿಲಿಕೋನ್ ಎಣ್ಣೆ ಸೋರುತ್ತದೆ. ಗಾಡಿಯಲ್ಲಿ ಇದ್ದಂತೆಯೇ ನೆಟ್ಟಗೆ ಗೋಡೆಗೆ ಆನಿಸಿ ಇಡಿ.

ಈಗ ಬ್ರೇಕರ್ ಬಾರನ್ನು ಟೆನ್ಷನರಿಗೆ ಕೂರಿಸಿ. ಪುಲ್ಲಿ ಬೆಲ್ಟಿನಿಂದ ದೂರ ಸರಿಯುವ ದಿಕ್ಕಿಗೆ, ನಿಧಾನವಾಗಿ ಒಂದೇ ಸಮನೆ ಎಳೆಯಿರಿ. ಕೆಲವು ಟೆನ್ಷನರಿನಲ್ಲಿ ಪುಲ್ಲಿಯ ನಡುವಿನ ಬೋಲ್ಟನ್ನೇ ಹಿಡಿದು ತೋಳು ತಿರುಗಿಸುವ ಏರ್ಪಾಡಿದೆ. ಅಂಥದರಲ್ಲಿ ತೋಳು ಅಲ್ಲಾಡದೆ ಬೋಲ್ಟ್ ಒಂದೇ ಸಡಿಲವಾಗುತ್ತಿದ್ದರೆ ಕೂಡಲೇ ನಿಲ್ಲಿಸಿ, ದಿಕ್ಕು ತಪ್ಪಾಗಿದೆ. ಬೆಲ್ಟ್ ಸಡಿಲವಾದಾಗ ಸುಲಭವಾಗಿ ಕೈಗೆ ಸಿಗುವ ಮೇಲಿನ ಪುಲ್ಲಿಯಿಂದ, ಸಾಮಾನ್ಯವಾಗಿ ಆಲ್ಟರ್ನೇಟರಿನಿಂದ, ಅದನ್ನು ಸರಿಸಿ. ಬಾರನ್ನು ನಿಧಾನಕ್ಕೆ ಹಿಂದೆ ಬಿಡಿ. ಫಟ್ಟೆಂದು ಬಿಟ್ಟರೆ ತೋಳು ಹೊಡೆದು ಬೆರಳು ಮುರಿಯುವಷ್ಟು ಬಲ ಅದರಲ್ಲಿದೆ.

ಬೆಲ್ಟ್ ಇಲ್ಲದಾಗಷ್ಟೇ ತಿಳಿಯುವ ಸಂಗತಿಗಳು

ಪ್ರತಿ ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ, ಆಮೇಲೆ ಎರಡೂ ಅಂಚು ಹಿಡಿದು ಅಲುಗಿಸಿ. ಐಡ್ಲರ್ ಮತ್ತು ಟೆನ್ಷನರ್ ಪುಲ್ಲಿಯ ವಿಷಯದಲ್ಲಿ ಹಲವರು ಉಲ್ಟಾ ತಿಳಿದಿರುತ್ತಾರೆ. ಬೆರಳಲ್ಲಿ ತಟ್ಟಿದರೆ ಸರ್ರನೆ ಸುತ್ತುತ್ತಲೇ ಇರುವ ಪುಲ್ಲಿ ಒಳ್ಳೆಯದಲ್ಲ, ಅದರೊಳಗಿನ ಗ್ರೀಸ್ ಒಣಗಿದೆ. ಗ್ರೀಸ್ ತುಂಬಿದ ಬೇರಿಂಗ್ ಮೆತ್ತಗೆ ತಿರುಗಿ ಒಂದೆರಡು ಸುತ್ತಿಗೆ ನಿಲ್ಲುತ್ತದೆ. ಮರಳು ಸಿಕ್ಕಿದ ಹಾಗೆ ಕೊರಕೊರ ಅಂದರೆ ಅದನ್ನು ಬದಲಿಸಿ. ಸೀಲ್ ಬೇರಿಂಗಿಗೆ ಹೊರಗಿನಿಂದ ಎಣ್ಣೆ ಬಿಟ್ಟು ಪ್ರಯೋಜನವಿಲ್ಲ.

ವಾಟರ್ ಪಂಪಿನ ಪುಲ್ಲಿ ಅಲುಗಬಾರದು. ಪಂಪಿನ ಕೆಳಗಿನ ಸಣ್ಣ ತೂತಿನ ಬಳಿ ಕೂಲೆಂಟ್ ಒಣಗಿದ ಕಲೆಯಿದ್ದರೆ ಒಳಗಿನ ಸೀಲ್ ಹೋಗಿದೆ. ಪಂಪ್ ಬದಲಿಸುವುದಿದ್ದರೆ ಅದಕ್ಕೆ ಇದೇ ಸಮಯ. ಆಲ್ಟರ್ನೇಟರಿನಲ್ಲಿ ಒಂದೇ ಕಡೆ ಹಿಡಿಯುವ ಕ್ಲಚ್ ಪುಲ್ಲಿ ಇರುವ ಇಂಜಿನ್ನಾದರೆ ಪುಲ್ಲಿ ಒಂದು ದಿಕ್ಕಿಗೆ ಒಳಗಿನ ರೋಟರನ್ನು ಜೊತೆಗೊಯ್ಯಬೇಕು, ಇನ್ನೊಂದು ದಿಕ್ಕಿಗೆ ತಾನೊಂದೇ ತಿರುಗಬೇಕು. ಎರಡೂ ಕಡೆ ಕಚ್ಚಿಕೊಂಡಿದ್ದರೆ ಇಂಜಿನ್ನಿನ ಜಗ್ಗೆಲ್ಲ ಬೆಲ್ಟಿಗೂ ಟೆನ್ಷನರಿಗೂ ಬೀಳುತ್ತದೆ, ಹೊಸ ಟೆನ್ಷನರ್ ಕೂಡ ಬೇಗ ಸಾಯುತ್ತದೆ.

ಕ್ರ್ಯಾಂಕ್ ಪುಲ್ಲಿಯನ್ನು ಮರೆಯಬೇಡಿ. ಒಳಗುಂಡಿಗೂ ಹೊರಬಳೆಗೂ ನಡುವೆ ರಬ್ಬರ್ ಇರುತ್ತದೆ. ಅದು ಬಿರಿದಿದ್ದರೆ, ಒಂದು ಕಡೆ ಉಬ್ಬಿ ಹೊರಬಂದಿದ್ದರೆ ಹೊರಬಳೆ ಓಲಾಡುತ್ತದೆ, ಚಿಕ್ ಚಿಕ್ ಸದ್ದು ಹುಟ್ಟುವುದು ಅಲ್ಲಿಂದಲೇ.

ಸಾಲು ನೋಡಲು ಸ್ಟೀಲ್ ಸ್ಕೇಲನ್ನು ಎರಡು ಪುಲ್ಲಿಗಳ ಮುಖಕ್ಕೆ ಒತ್ತಿ ಹಿಡಿಯಿರಿ. 300 ಮಿಮೀ ದೂರಕ್ಕೆ 1.5 ಮಿಮೀಗಿಂತ ಹೆಚ್ಚು ತಪ್ಪಿದ್ದರೆ ಕಾರಣ ಹುಡುಕಿ. ಆಲ್ಟರ್ನೇಟರ್ ಬಿಚ್ಚಿ ಹಾಕಿದಾಗ ಬಿಟ್ಟುಹೋದ ವಾಷರ್, ಬಾಗಿದ ಬ್ರಾಕೆಟ್, ಪೂರ್ತಿ ಒಳಗೆ ಕೂರದ ಪುಲ್ಲಿ, ಇವೇ ಹೆಚ್ಚಾಗಿ ಸಿಗುವ ಕಾರಣಗಳು. ಪುಲ್ಲಿಗಳ ಮುಖದ ದಪ್ಪ ಬೇರೆ ಬೇರೆ ಇದ್ದರೆ ಮುಖದ ಬದಲು ಮೊದಲ ಗ್ರೂವನ್ನು ಅಳತೆಗೆ ಹಿಡಿಯಿರಿ.

ಸದ್ದು ಬೆಲ್ಟಿನ ಸಾಲಿನದ್ದೇ ಅಲ್ಲವೇ ಎಂಬ ಅನುಮಾನ ಇನ್ನೂ ಇದ್ದರೆ, ಟೂಲೆಲ್ಲ ತೆಗೆದು, ಬ್ಯಾಟರಿ ಜೋಡಿಸಿ, ಬೆಲ್ಟ್ ಇಲ್ಲದೆ ಇಂಜಿನ್ನನ್ನು ಬರೀ ಅರ್ಧ ನಿಮಿಷ ಓಡಿಸಬಹುದು. ಸದ್ದು ಆಗಲೂ ಇದ್ದರೆ ಮೂಲ ಇಂಜಿನ್ ಒಳಗಿದೆ. ಅರ್ಧ ನಿಮಿಷ ಮೀರಬೇಡಿ, ವಾಟರ್ ಪಂಪ್ ನಿಂತಿರುತ್ತದೆ. ಮುಂದುವರಿಯುವ ಮೊದಲು ಬ್ಯಾಟರಿ ಮತ್ತೆ ಕಳಚಿ.

ಹೊಸದನ್ನು ಕೂರಿಸುವುದು

ಹಳೆಯ ಟೆನ್ಷನರಿನ ಬೋಲ್ಟ್ ಬಿಚ್ಚಿ ಹೊರತೆಗೆದ ಮೇಲೆ ಅದು ಕೂರುವ ಜಾಗವನ್ನು ಬ್ರಷ್ಷಿನಿಂದ ಉಜ್ಜಿ. ಹೆಚ್ಚಿನ ಟೆನ್ಷನರುಗಳ ಬೆನ್ನಲ್ಲಿ ಒಂದು ಗುಬುಟಿನಂಥ ಪಿನ್ ಇದೆ, ಅದು ಬ್ರಾಕೆಟ್ಟಿನ ತೂತಿನೊಳಗೆ ಪೂರ್ತಿ ಇಳಿಯಬೇಕು. ಒಣಗಿದ ಮಣ್ಣು ತೂತಿನಲ್ಲಿ ಕೂತಿದ್ದರೆ ಪಿನ್ ಇಳಿಯುವುದಿಲ್ಲ. ಅದನ್ನು ಗಮನಿಸದೆ ಬೋಲ್ಟ್ ಎಳೆದರೆ ಟೆನ್ಷನರ್ ಓರೆಯಾಗಿ ಕೂರುತ್ತದೆ ಅಥವಾ ಅಲ್ಯೂಮಿನಿಯಂ ಮೈ ಬಿರಿಯುತ್ತದೆ. ಬೋಲ್ಟ್ ಬಿಗಿಸುವ ಮೊದಲು ಸುತ್ತ ಸಂದಿಲ್ಲದೆ ಮೈಗೆ ಮೈ ತಾಗಿದೆಯೇ ಎಂದು ಬೆರಳಾಡಿಸಿ ನೋಡಿ.

ಬೋಲ್ಟನ್ನು ಮೊದಲ ನಾಲ್ಕೈದು ಸುತ್ತು ಕೈಯಲ್ಲೇ ತಿರುಗಿಸಿ, ಆಮೇಲೆ ಟಾರ್ಕ್ ವ್ರೆಂಚ್. ನಿಮ್ಮ ಗಾಡಿಯ ವರ್ಕ್‌ಶಾಪ್ ಪುಸ್ತಕದ ಅಂಕಿಯೇ ಅಂತಿಮ. ಅಂದಾಜಿಗೆ ಹೇಳುವುದಾದರೆ 8.8 ದರ್ಜೆಯ 8 ಮಿಮೀ ಬೋಲ್ಟಿಗೆ ಸುಮಾರು 25, 10 ಮಿಮೀ ಬೋಲ್ಟಿಗೆ 45ರಿಂದ 50 ನ್ಯೂಟನ್ ಮೀಟರ್. ಅಲ್ಯೂಮಿನಿಯಂನಲ್ಲಿ ಕೊರೆದ ಮರೆಗಳಾದ್ದರಿಂದ ಉದ್ದ ಹಿಡಿಯಿಂದ ಜಗ್ಗುವುದು ಬೇಡ, ಮರೆ ಕಿತ್ತರೆ ಬ್ರಾಕೆಟ್ಟೇ ಹೋಗುತ್ತದೆ. ಹೊಸ ಟೆನ್ಷನರಿಗೆ ಬೀಗದ ಪಿನ್ ಹಾಕಿ ಕೊಟ್ಟಿದ್ದರೆ ಬೆಲ್ಟ್ ಪೂರ್ತಿ ಕೂರುವವರೆಗೆ ಅದನ್ನು ತೆಗೆಯಬೇಡಿ.

ಪುಲ್ಲಿಗಳ ಗ್ರೂವುಗಳನ್ನು ನೈಲಾನ್ ಬ್ರಷ್ಷಿನಿಂದ ಉಜ್ಜಿ, ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಿ. ಹಳೆಯ ಬೆಲ್ಟಿನ ಕಪ್ಪು ಪುಡಿ ತಳದಲ್ಲಿ ಗಟ್ಟಿಯಾಗಿ ಕೂತಿದ್ದರೆ ಹೊಸ ಬೆಲ್ಟ್ ಸರಿಯಾಗಿ ಇಳಿಯುವುದಿಲ್ಲ. ಹೊಸ ಬೆಲ್ಟಿಗೆ ಕೈಯ ಗ್ರೀಸ್ ತಾಗದಿರಲಿ. ಹಳೆಯದರ ಪಕ್ಕ ಅದನ್ನು ಹಿಡಿದು ಉದ್ದ, ರಿಬ್ ಲೆಕ್ಕ ಒಮ್ಮೆ ತಾಳೆ ನೋಡಿ. ಓಡಿದ ಬೆಲ್ಟ್ ಕೆಲವು ಮಿಮೀ ಉದ್ದ ಕಂಡರೆ ಚಿಂತೆಯಿಲ್ಲ.

ಫೋಟೋ ನೋಡಿಕೊಂಡು ಕ್ರ್ಯಾಂಕ್ ಪುಲ್ಲಿಯಿಂದ, ಅಂದರೆ ಕೆಳಗಿನಿಂದ, ಬೆಲ್ಟ್ ಸುತ್ತುತ್ತ ಬನ್ನಿ. ರಿಬ್ ಮೈ ಗ್ರೂವ್ ಇರುವ ಪುಲ್ಲಿಗೆ, ಬೆನ್ನು ನಯವಾದ ಪುಲ್ಲಿಗೆ. ಕೊನೆಗೆ ಉಳಿಸಿಕೊಳ್ಳಬೇಕಾದದ್ದು ಗ್ರೂವ್ ಇಲ್ಲದ, ಅಂಚಿಲ್ಲದ ಒಂದು ಪುಲ್ಲಿ, ಅದಿಲ್ಲದಿದ್ದರೆ ಆಲ್ಟರ್ನೇಟರ್. ಟೆನ್ಷನರನ್ನು ಎಳೆದು ಹಿಡಿದು ಅದರ ಮೇಲೆ ಜಾರಿಸಿ. ಇನ್ನೊಬ್ಬರು ಕೈ ಕೊಟ್ಟರೆ ಈ ಹಂತ ಸಲೀಸು. ಸ್ಕ್ರೂಡ್ರೈವರ್ ತೂರಿಸಿ ಮೀಟಿ ಹಾಕಬೇಡಿ, ಒಳಗಿನ ನೂಲು ಒಂದೆಡೆ ಕಡಿದರೂ ಬೆಲ್ಟ್ ಆ ಜಾಗದಲ್ಲೇ ಹರಿಯುತ್ತದೆ.

ಟೆನ್ಷನರ್ ಬಿಡುವ ಮೊದಲೂ ಬಿಟ್ಟ ಮೇಲೂ ಪ್ರತಿ ಪುಲ್ಲಿಯ ಬಳಿ ಬೆರಳಿಟ್ಟು ಎರಡೂ ಅಂಚು ಮುಟ್ಟಿ ನೋಡಿ. ಬೆಲ್ಟ್ ಒಂದು ರಿಬ್ ಆಚೆ ಕೂತಿರುವುದು ಈ ಕೆಲಸದ ಅತಿ ಸಾಮಾನ್ಯ ತಪ್ಪು. ಕೆಳಗಿನ ಕ್ರ್ಯಾಂಕ್ ಪುಲ್ಲಿಯಲ್ಲಿ ಮತ್ತು ಏಸಿ ಕಂಪ್ರೆಸರಿನಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೇ ಗೊತ್ತಾಗಬೇಕು. ಹಾಗೆ ಓಡಿಸಿದರೆ ನಿಮಿಷಗಳಲ್ಲಿ ಅಂಚಿನ ರಿಬ್ ಸೀಳಿ ದಾರದಂತೆ ಫ್ಯಾನಿಗೆ ಸುತ್ತಿಕೊಳ್ಳುತ್ತದೆ.

ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ ಇಂಜಿನ್ನನ್ನು ಅದು ಓಡುವ ದಿಕ್ಕಿಗೇ ಎರಡು ಸುತ್ತು ಕೈಯಲ್ಲಿ ತಿರುಗಿಸಿ. ಮತ್ತೊಮ್ಮೆ ಎಲ್ಲ ಪುಲ್ಲಿ ಮುಟ್ಟಿ ನೋಡಿ. ಫ್ಯಾನ್, ಶ್ರೌಡ್ ಜೋಡಿಸಿ, ಫ್ಯಾನ್ ಕೈಯಲ್ಲಿ ತಿರುಗಿಸಿದಾಗ ಶ್ರೌಡಿಗೆ ಎಲ್ಲೂ ತಾಗಬಾರದು. ರಟ್ಟು, ಸಾಕೆಟ್, ಬಟ್ಟೆ ಎಲ್ಲ ಹೊರಗೆ ಬಂದಿವೆಯೇ ಎಂದು ಎಣಿಸಿಕೊಂಡು ಬ್ಯಾಟರಿ ಜೋಡಿಸಿ.

ಮೊದಲ ಸಲ ಸ್ಟಾರ್ಟ್ ಮಾಡಿ ಹತ್ತು ಸೆಕೆಂಡಿಗೆ ಆರಿಸಿ, ಬೆಲ್ಟ್ ಸರಿದಿಲ್ಲವೆಂದು ನೋಡಿ. ಆಮೇಲೆ ಹತ್ತು ನಿಮಿಷ ಓಡಿಸಿ. ಏಸಿ, ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ, ಸ್ಟೀರಿಂಗನ್ನು ಕೊನೆತನಕ ಒಂದೆರಡು ಸೆಕೆಂಡು ಮಾತ್ರ ಹಿಡಿದು ಬಿಡಿ. ಕೂಗಬಾರದು, ತೋಳು ಕುಣಿಯಬಾರದು. 500 ಕಿಮೀ ಆದ ಮೇಲೆ ಬೆಲ್ಟಿನ ಅಂಚನ್ನೂ ಟೆನ್ಷನರ್ ಬೋಲ್ಟನ್ನೂ ಒಮ್ಮೆ ನೋಡಿ. ಸ್ಪ್ರಿಂಗ್ ಟೆನ್ಷನರಿಗೆ ಮತ್ತೆ ಬಿಗಿ ಮಾಡುವ ಕೆಲಸವಿಲ್ಲ.

ಹಳೆಯ ಜೀಪು, ಜಿಪ್ಸಿಗಳಲ್ಲಿ

ಎಂಎಂ 540, ಜಿಪ್ಸಿ ಕಿಂಗ್ ಮುಂತಾದವುಗಳಲ್ಲಿ ಟೆನ್ಷನರೇ ಇಲ್ಲ. ಆಲ್ಟರ್ನೇಟರನ್ನು ಹೊರಗೆ ಸರಿಸಿ ವಿ ಬೆಲ್ಟ್ ಬಿಗಿ ಮಾಡಬೇಕು. ಬುಡದ ಬೋಲ್ಟನ್ನೂ ಸೀಳುಪಟ್ಟಿಯ ಬೋಲ್ಟನ್ನೂ ಸಡಿಲಿಸಿ, ಮರದ ಹಿಡಿಯಿಂದ ಆಲ್ಟರ್ನೇಟರಿನ ಮುಂದಿನ ದಪ್ಪ ಮೈಗೆ ಮೀಟಿ ಹಿಡಿದು ಪಟ್ಟಿಯ ಬೋಲ್ಟ್ ಬಿಗಿಸಿ, ಆಮೇಲೆ ಬುಡದ್ದು. ಎರಡು ಪುಲ್ಲಿಗಳ ನಡುವೆ ಉದ್ದ ಹೆಚ್ಚಿರುವ ಕಡೆ ಹೆಬ್ಬೆರಳಿನಿಂದ ಸುಮಾರು 10 ಕೆಜಿ ಬಲದಲ್ಲಿ ಒತ್ತಿದರೆ 10 ಮಿಮೀ ಆಸುಪಾಸು ತಗ್ಗಬೇಕು. ಇಂಜಿನ್ನಿಗೆ ತಕ್ಕ ನಿಖರ ಅಂಕಿ ಪುಸ್ತಕದಲ್ಲಿದೆ. ಕೂಗಿಗೆ ಹೆದರಿ ಅತಿ ಬಿಗಿ ಮಾಡಿದರೆ ವಾಟರ್ ಪಂಪ್ ಮತ್ತು ಆಲ್ಟರ್ನೇಟರಿನ ಬೇರಿಂಗ್ ತಿನ್ನುತ್ತದೆ. ಹೊಸ ವಿ ಬೆಲ್ಟ್ ಮೊದಲಿಗೆ ಹಿಗ್ಗುತ್ತದೆ, ಆದ್ದರಿಂದ ಹದಿನೈದು ನಿಮಿಷ ಓಡಿಸಿ ಒಮ್ಮೆ, 500 ಕಿಮೀಗೆ ಇನ್ನೊಮ್ಮೆ ಬಿಗಿ ಮಾಡಲೇಬೇಕು.

ಹೊಳೆ ದಾಟಿದ ಮೇಲೆ, ದಾರಿಯಲ್ಲಿ ಹರಿದರೆ

ಕೆಸರಿನಲ್ಲಿ ಆಡಿ ಬಂದ ದಿನವೇ ಪುಲ್ಲಿಗಳ ಕಡೆ ಸಾದಾ ನೀರು ಬಿಟ್ಟು ಮಣ್ಣು ತೊಳೆಯಿರಿ. ಪ್ರೆಶರ್ ವಾಷರಿನ ಮೂತಿಯನ್ನು ಹತ್ತಿರ ಹಿಡಿದು ಬೇರಿಂಗಿಗೆ ನೇರ ಹೊಡೆಯಬೇಡಿ, ನೀರು ಸೀಲ್ ದಾಟಿ ಒಳಹೋಗುತ್ತದೆ. ನೀರಿನಿಂದ ಹೊರಬಂದ ಕೂಡಲೇ ಸ್ವಲ್ಪ ಹೊತ್ತು ಕೂಗಿ ನಿಂತರೆ ಗಾಬರಿ ಬೇಡ. ಬೆಲ್ಟ್ ಒಣಗಿದ ಮೇಲೂ ಕೂಗಿದರೆ ಬಾನೆಟ್ ಎತ್ತಿ. ರಿಬ್ಬುಗಳ ನಡುವೆ ಸಣ್ಣ ಕಲ್ಲು ಸಿಕ್ಕಿರುವುದು ಸಾಮಾನ್ಯ.

ಹಳೆಯ ಬೆಲ್ಟ್ ಹರಿದಿಲ್ಲದಿದ್ದರೆ ಎಸೆಯದೆ, ಅದು ಯಾವ ಗಾಡಿಯದೆಂದು ಚೀಟಿ ಕಟ್ಟಿ, ಟೆನ್ಷನರಿಗೆ ಬೇಕಾದ ಸಾಕೆಟ್ ಮತ್ತು ಬಾರ್ ಸಮೇತ ಸೀಟಿನಡಿ ಇಡಿ. ಮಡಚಿ ಒತ್ತಬಾರದು, ಅಗಲ ಸುರುಳಿಯಾಗಿ ಸುತ್ತಿ. ದಾರಿಯಲ್ಲಿ ಬೆಲ್ಟ್ ಹರಿದು ಬ್ಯಾಟರಿ ದೀಪ ಹೊತ್ತಿ ಸ್ಟೀರಿಂಗ್ ಗಟ್ಟಿಯಾದರೆ, ಗೇರಿನಲ್ಲೇ ವೇಗ ತಗ್ಗಿಸಿ, ಬ್ರೇಕನ್ನು ಬಿಟ್ಟು ಬಿಟ್ಟು ಪಂಪ್ ಮಾಡದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆರಿಸಿ. ವಾಟರ್ ಪಂಪ್ ಇದೇ ಬೆಲ್ಟಿನಲ್ಲಿ ಓಡುವ ಗಾಡಿಯನ್ನು ಮುಂದಿನ ಊರಿನವರೆಗೆ ಹೇಗೋ ಓಡಿಸೋಣ ಎಂದರೆ ಹೆಡ್ ಗ್ಯಾಸ್ಕೆಟ್ ಕಳೆದುಕೊಳ್ಳುತ್ತೀರಿ. ಅಲ್ಲೇ ನಿಂತು ಹಳೆಯ ಬೆಲ್ಟ್ ಹಾಕಿ, ಅದಿಲ್ಲದಿದ್ದರೆ ಗಾಡಿಯನ್ನು ಎಳೆಸಿಕೊಂಡು ಹೋಗಿ. ಹಾಕುವ ಮೊದಲು ಒಂದು ನಿಮಿಷ ಕೊಟ್ಟು, ಯಾವುದಾದರೂ ಪುಲ್ಲಿ ಕಚ್ಚಿಕೊಂಡು ನಿಂತಿದೆಯೇ ಎಂದು ಕೈಯಲ್ಲಿ ತಿರುಗಿಸಿ ನೋಡಿ. ಬೇರಿಂಗ್ ಹಿಡಿದ ಪುಲ್ಲಿಯೇ ಬೆಲ್ಟನ್ನು ಸುಟ್ಟು ಹರಿದಿದ್ದರೆ ಎರಡನೆಯದೂ ಅದೇ ಜಾಗದಲ್ಲಿ ಹರಿಯುತ್ತದೆ.